ದೋಣಿಯಲ್ಲಿ ವಯರ್‌ಲೆಸ್: ಜೋಡಿಸುವುದು, ಮಾತಾಡುವುದು



ಇಂದಿನ ಮಾತು ಮೀನುಗಾರಿಕೆಯ ಬೋಟುಗಳಲ್ಲಿ ಇರಿಸುವ ವಯರ್‌ಲೆಸ್ ಸೆಟ್ಟಿನ ಬಗ್ಗೆ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಕಡಲ ಕರೆಯಲ್ಲಿ ಮನೆ ಮಾಡಿಕೊಂಡಿರುವ ನಿಮಗೆ ಈ ಪೆಟ್ಟಿಗೆ ಹೊಸತಲ್ಲ. ಎಷ್ಟೋ ಬೋಟುಗಳ ಕ್ಯಾಬಿನ್ನಿನಲ್ಲಿ ಅದು ನೇತಾಡುತ್ತಿರುವುದನ್ನು ನೀವು ಕಂಡಿದ್ದೀರಿ. ಆದರೆ ಸೆಟ್ ಇರುವುದು ಬೇರೆ, ಬೇಕಾದ ಹೊತ್ತಿಗೆ ಅದು ಮಾತಾಡುವುದು ಬೇರೆ. ಈ ಎರಡರ ನಡುವಿನ ಅಂತರವನ್ನು ಹೇಗೆ ತುಂಬುವುದು ಎಂಬುದೇ ಇಂದಿನ ವಿಷಯ.

'ಕೈಯಲ್ಲಿ ಮೊಬೈಲ್ ಫೋನ್ ಇದೆಯಲ್ಲ, ಮತ್ತೆ ಇದೇಕೆ?' ಎಂದು ನೀವು ಕೇಳಬಹುದು. ಫೋನಿನ ಗೋಪುರಗಳನ್ನು ಕಟ್ಟಿರುವುದು ನೆಲದ ಮೇಲಿನ ಜನರಿಗಾಗಿ. ಕರೆಯಿಂದ ಹೊರಗೆ ಹೋದಂತೆ ಅದರ ದನಿ ಕ್ಷೀಣಿಸುತ್ತದೆ, ಆಮೇಲೆ ಪೂರ್ತಿ ನಿಲ್ಲುತ್ತದೆ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ತೆಂಕಣ ಕೇರಳದ ಮತ್ತು ಕನ್ಯಾಕುಮಾರಿ ಜಿಲ್ಲೆಯ ಅನೇಕ ದೋಣಿಗಳು ಆಗಲೇ ಆಳ ಕಡಲಿಗೆ ಹೋಗಿದ್ದುವು. ಎಚ್ಚರಿಕೆಯ ಮಾತು ಕರೆಗೆ ಬಂತು, ಕಡಲಿನಲ್ಲಿದ್ದವರಿಗೆ ಮುಟ್ಟಲಿಲ್ಲ. ನೂರಾರು ಮಂದಿ ಮರಳಿ ಬರಲಿಲ್ಲ. ಮರುವರ್ಷ, 2018ರ ಡಿಸೆಂಬರಿನಲ್ಲಿ, ಮಲ್ಪೆ ಬಂದರಿನಿಂದ ಹೊರಟ 'ಸುವರ್ಣ ತ್ರಿಭುಜ' ಎಂಬ ಬೋಟು 7 ಮಂದಿಯೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ ಕಡಲ ತಳದಲ್ಲಿ ಪತ್ತೆಯಾದುದು 2019ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ನಾಲ್ಕು ತಿಂಗಳಿಗೂ ಮೇಲೆ 7 ಮನೆಗಳು ಬಾಗಿಲು ನೋಡುತ್ತ ಕುಳಿತಿದ್ದುವು. ಯಾವ ಯಂತ್ರವೂ ಕಡಲಿನ ಕೋಪವನ್ನು ನಿಲ್ಲಿಸುವುದಿಲ್ಲ. ಆದರೆ ಕೊನೆಯ ಹತ್ತು ನಿಮಿಷಗಳಲ್ಲಿ 'ನಾವು ಇಲ್ಲಿದ್ದೇವೆ' ಎಂದು ಹೇಳಲು ಒಂದು ದಾರಿ ಇದ್ದರೆ, ಹುಡುಕುವವರಿಗೆ ಒಂದು ಗುರುತು ಸಿಗುತ್ತದೆ. ಜೀವ ಉಳಿಯಲೂಬಹುದು.

ಮೊದಲು ಈ ಸೆಟ್ ಏನೆಂದು ನೋಡೋಣ. ಫೋನಿನಲ್ಲಿ ನಿಮ್ಮ ಮಾತು ಗೋಪುರಕ್ಕೆ ಹೋಗಿ, ಅಲ್ಲಿಂದ ಇನ್ನೊಬ್ಬರಿಗೆ ಹೋಗುತ್ತದೆ. ವಯರ್‌ಲೆಸ್ಸಿನಲ್ಲಿ ನಡುವೆ ಯಾರೂ ಇಲ್ಲ. ನಿಮ್ಮ ಆಂಟೆನಾದಿಂದ ಹೊರಟ ಅಲೆ ನೇರವಾಗಿ ಇನ್ನೊಂದು ಬೋಟಿನ ಆಂಟೆನಾಕ್ಕೆ ಮುಟ್ಟುತ್ತದೆ. ಒಂದೇ ಚಾನೆಲ್ಲಿನಲ್ಲಿರುವ ಎಲ್ಲರಿಗೂ ಅದು ಕೇಳಿಸುತ್ತದೆ. ಒಬ್ಬರು ಮಾತಾಡುವಾಗ ಉಳಿದವರು ಕೇಳಬೇಕು. ಗುಂಡಿ ಒತ್ತಿದರೆ ಮಾತು, ಬಿಟ್ಟರೆ ಕಿವಿ. ಅಮೆರಿಕದಲ್ಲಿ ಲಾರಿ ಚಾಲಕರು ಬಳಸುವ ಸಿ.ಬಿ. ರೇಡಿಯೋ ಇದರ ದಾಯಾದಿ. ಅಲ್ಲಿ 1958ರಲ್ಲಿ 27 ಮೆಗಾಹರ್ಟ್ಸಿನ ಪಟ್ಟಿಯನ್ನು ಸಾಮಾನ್ಯ ಜನರಿಗೆ ಬಿಟ್ಟುಕೊಟ್ಟರು. 1977ರಿಂದ ಅದರಲ್ಲಿ 40 ಚಾನೆಲುಗಳಾದುವು. 9ನೆಯದು ಆಪತ್ತಿಗೆ, 19ನೆಯದು ಹೆದ್ದಾರಿಯ ಮಾತಿಗೆ ಎಂಬ ರೂಢಿ ಬೆಳೆಯಿತು. ಕಡಲಿನ ಸೆಟ್ ಕೆಲಸ ಮಾಡುವುದು ಬೇರೆ ಪಟ್ಟಿಯಲ್ಲಿ, 156 ಮೆಗಾಹರ್ಟ್ಸಿನ ಆಸುಪಾಸಿನಲ್ಲಿ. ಇದನ್ನು ಮೆರೈನ್ ವಿ.ಎಚ್.ಎಫ್. ಎನ್ನುತ್ತಾರೆ. ರೂಢಿ ಮಾತ್ರ ಎರಡಕ್ಕೂ ಒಂದೇ: ಆಪತ್ತಿಗೆ ಒಂದು ಚಾನೆಲ್ ಮೀಸಲು, ಮತ್ತು ಆ ಚಾನೆಲ್ಲಿನಲ್ಲಿ ಎಲ್ಲರ ಕಿವಿ. ಕಡಲಿನಲ್ಲಿ ಆ ಚಾನೆಲ್ 16. ಜಗತ್ತಿನ ಯಾವ ಸಮುದ್ರಕ್ಕೆ ಹೋದರೂ ಅದು 16ನೆಯದೇ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಎಷ್ಟು ದೂರ ಕೇಳಿಸುತ್ತದೆ? ಅಂಗಡಿಯವರು ವ್ಯಾಟಿನ ಲೆಕ್ಕ ಹೇಳುತ್ತಾರೆ. ಆದರೆ ಕಡಲಿನಲ್ಲಿ ದೂರವನ್ನು ತೀರ್ಮಾನಿಸುವುದು ವ್ಯಾಟಿಗಿಂತ ಹೆಚ್ಚಾಗಿ ಆಂಟೆನಾದ ಎತ್ತರ. ಈ ಅಲೆ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ, ಭೂಮಿಯೋ ದುಂಡಗಿದೆ. ದೂರದ ಬೋಟಿನ ತಳ ಮೊದಲು ಮರೆಯಾಗಿ ಆಮೇಲೆ ಕಂಬ ಮರೆಯಾಗುವುದನ್ನು ನೀವು ನೋಡಿದ್ದೀರಲ್ಲ, ಅಲೆಗೂ ಅದೇ ಗತಿ. ಲೆಕ್ಕ ಸುಲಭ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.1ರಿಂದ ಗುಣಿಸಿ. ಅಷ್ಟು ಕಿಲೋಮೀಟರ್ ಒಂದು ಕಡೆಯ ಪಾಲು. ಎದುರಿನವರ ಪಾಲನ್ನೂ ಹಾಗೆಯೇ ತೆಗೆದು ಎರಡನ್ನೂ ಕೂಡಿಸಿ.

ನೀರಿನಿಂದ 4 ಮೀಟರ್ ಎತ್ತರದಲ್ಲಿ ಆಂಟೆನಾ ಇರುವ ಎರಡು ಬೋಟುಗಳು ಸುಮಾರು 16 ಕಿಲೋಮೀಟರ್ ದೂರದಿಂದ ಮಾತಾಡಿಕೊಳ್ಳಬಹುದು. ಎರಡೂ 9 ಮೀಟರಿಗೆ ಏರಿಸಿದರೆ ಅದು ಸುಮಾರು 25 ಕಿಲೋಮೀಟರ್ ಆಗುತ್ತದೆ. ಸಣ್ಣ ದೋಣಿಯಲ್ಲಿ ಕುಳಿತು, ಕೈಯಲ್ಲಿ ಹಿಡಿಯುವ ಸೆಟ್ಟನ್ನು ನೀರಿನಿಂದ 1 ಮೀಟರ್ ಎತ್ತರದಲ್ಲಿ ಹಿಡಿದಿರುವ ಇಬ್ಬರಿಗೆ ಸಿಗುವುದು 8 ಕಿಲೋಮೀಟರ್ ಮಾತ್ರ. ಕರೆಯಲ್ಲಿ 36 ಮೀಟರ್ ಎತ್ತರದ ಆಂಟೆನಾ ಇದ್ದರೆ, 4 ಮೀಟರಿನ ಬೋಟು ಅದಕ್ಕೆ ಸುಮಾರು 33 ಕಿಲೋಮೀಟರಿನಿಂದ ಮುಟ್ಟಬಹುದು. ಸೆಕೆಗಾಲದ ಕೆಲವು ದಿನ ನೂರಾರು ಕಿಲೋಮೀಟರ್ ಆಚೆಯ ಮಾತು ಕಿವಿಗೆ ಬೀಳುವುದುಂಟು. ಗಾಳಿಯ ಪದರಗಳು ಅಲೆಯನ್ನು ಬಗ್ಗಿಸಿ ಒಯ್ಯುವುದರಿಂದ ಹಾಗಾಗುತ್ತದೆ. ಅದನ್ನು ನಂಬಿ ಹೋಗಬಾರದು. ನಾಳೆ ಆ ಪದರ ಇರುವುದಿಲ್ಲ.

ಸೆಟ್ಟುಗಳಲ್ಲಿ ಎರಡು ಬಗೆ. ಬೋಟಿನಲ್ಲಿ ಗಟ್ಟಿಯಾಗಿ ಜೋಡಿಸುವುದು 25 ವ್ಯಾಟಿನದು. ಅದರಲ್ಲೇ 1 ವ್ಯಾಟಿಗೆ ಇಳಿಸುವ ಗುಂಡಿಯೂ ಇರುತ್ತದೆ. ಕೈಯಲ್ಲಿ ಹಿಡಿಯುವುದು ಸಾಮಾನ್ಯವಾಗಿ 5 ಅಥವಾ 6 ವ್ಯಾಟಿನದು. ಬೋಟಿನ ಬ್ಯಾಟರಿ ಮುಳುಗಿದಾಗ, ಎಲ್ಲರೂ ನೀರಿಗಿಳಿಯಬೇಕಾದಾಗ, ಕೈಯ ಸೆಟ್ಟೇ ಗತಿ. ಆದ್ದರಿಂದ ಒಂದು ಇನ್ನೊಂದಕ್ಕೆ ಬದಲಿಯಲ್ಲ. ಕೊಳ್ಳುವಾಗ ನೀರಿಗೆ ಹೆದರದ ಸೆಟ್ಟನ್ನೇ ಕೇಳಿ.

ಇಲ್ಲಿ ಕಾನೂನಿನ ಮಾತನ್ನೂ ಹೇಳಬೇಕು. ಕಡಲಿನ ವಿ.ಎಚ್.ಎಫ್. ಸೆಟ್ಟಿಗೆ ಕೇಂದ್ರ ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು. ಅಗ್ಗಕ್ಕೆ ಸಿಗುತ್ತದೆಂದು ತರಿಸಿಕೊಳ್ಳುವ ಕೆಲವು ವಾಕಿಟಾಕಿಗಳು ಪೊಲೀಸರ, ಬಂದರಿನ, ಇತರರ ಚಾನೆಲುಗಳ ಮೇಲೂ ಮಾತಾಡಬಲ್ಲವು. ಅವನ್ನು ಪರವಾನಗಿ ಇಲ್ಲದೆ ಬಳಸುವುದು ಅಪರಾಧ. 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಇಂಥ ಸೆಟ್ಟುಗಳ ಆನ್‌ಲೈನ್ ಮಾರಾಟದ ಮೇಲೆ ಮಾರ್ಗಸೂಚಿಯನ್ನೇ ಹೊರಡಿಸಿತು. ಕಾನೂನಿನ ಭಯ ಒಂದು ಕಡೆಯಾದರೆ, ಇನ್ನೊಂದು ಕಡೆ ಸುರಕ್ಷೆಯ ಪ್ರಶ್ನೆ. ತನಗೆ ತೋಚಿದ ಚಾನೆಲ್ಲಿನಲ್ಲಿ ಕೂಗಿದರೆ ಕೇಳುವವರು ಯಾರು? ಬಂದರಿನಲ್ಲಿರುವ ಮೀನುಗಾರಿಕಾ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಕ್ರಮಪ್ರಕಾರ ತೆಗೆದುಕೊಳ್ಳಿ.

ಇನ್ನು ಜೋಡಣೆ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧವಿರುತ್ತದೆ. ಆ 52 ದಿನ ಬಲೆ ನೇಯುವುದಕ್ಕೂ ಬೋಟಿಗೆ ಬಣ್ಣ ಬಳಿಯುವುದಕ್ಕೂ ಹೇಗೆ ಸಮಯವೋ, ಸೆಟ್ಟಿಗೂ ಹಾಗೆಯೇ.

ಮೊದಲನೆಯದು ಜಾಗ. ಚುಕ್ಕಾಣಿ ಹಿಡಿದವರ ಕೈಗೆ ಎಟಕುವಂತೆ, ಮಳೆ ಮತ್ತು ಉಪ್ಪುನೀರಿನ ಸಿಂಚನ ನೇರವಾಗಿ ಬೀಳದಂತೆ ಇರಬೇಕು. ದಿಕ್ಸೂಚಿಯಿಂದ ಸುಮಾರು 1 ಮೀಟರ್ ದೂರವಿಡಿ. ಸ್ಪೀಕರಿನೊಳಗಿನ ಅಯಸ್ಕಾಂತ ದಿಕ್ಸೂಚಿಯ ಮುಳ್ಳನ್ನು ಎಳೆಯುತ್ತದೆ.

ಎರಡನೆಯದು ಬ್ಯಾಟರಿ. ಸೆಟ್ಟಿಗೆ 12 ವೋಲ್ಟ್ ಬೇಕು. ಬೋಟಿನಲ್ಲಿ 24 ವೋಲ್ಟಿನ ವ್ಯವಸ್ಥೆ ಇದ್ದರೆ ನಡುವೆ ಕನ್ವರ್ಟರ್ ಹಾಕಿಸಿ, ನೇರ ಜೋಡಿಸಿದರೆ ಸೆಟ್ ಸುಟ್ಟುಹೋಗುತ್ತದೆ. ಕೆಂಪು ತಂತಿ ಧನಕ್ಕೆ, ಕಪ್ಪು ಋಣಕ್ಕೆ. ಧನದ ತಂತಿಯಲ್ಲಿ, ಬ್ಯಾಟರಿಯ ಹತ್ತಿರವೇ, ಫ್ಯೂಸ್ ಇರಲಿ. ಫ್ಯೂಸ್ ಹೋದಾಗ ಅದರ ಜಾಗಕ್ಕೆ ತಂತಿಯ ತುಂಡು ಸುತ್ತುವ ಚಾಳಿ ಬೇಡ. ಡೀಸೆಲಿನ ಪಕ್ಕದಲ್ಲಿ ಬೆಂಕಿ ಹತ್ತಿಸಲು ಅಷ್ಟು ಸಾಕು. ಸೆಟ್ಟಿನ ಬ್ಯಾಟರಿ ಬೋಟಿನ ತಳದಲ್ಲಿ ಇರಬಾರದು. ನೀರು ನುಗ್ಗಿದರೆ ಮೊದಲು ಮುಳುಗುವುದು ತಳ. ಸಹಾಯಕ್ಕೆ ಕೂಗಬೇಕಾದ ಗಳಿಗೆಯಲ್ಲೇ ಸೆಟ್ ಸತ್ತಿರುತ್ತದೆ.

ಬ್ಯಾಟರಿ ಖರ್ಚಾಗುತ್ತದೆಂದು ರಾತ್ರಿ ಸೆಟ್ ಆರಿಸುವವರಿದ್ದಾರೆ. ಲೆಕ್ಕ ನೋಡಿ. 25 ವ್ಯಾಟಿನಲ್ಲಿ ಮಾತಾಡುವಾಗ ಅದು 5ರಿಂದ 6 ಆಂಪಿಯರ್ ಎಳೆಯುವುದು ನಿಜ. ಸುಮ್ಮನೆ ಕೇಳುತ್ತ ಇರುವಾಗ ಬೇಕಾಗುವುದು 1 ಆಂಪಿಯರಿಗಿಂತಲೂ ಕಡಿಮೆ. ಹತ್ತು ಗಂಟೆ ಕೇಳಿದರೂ 10 ಆಂಪಿಯರ್-ಗಂಟೆ ದಾಟುವುದಿಲ್ಲ. ಒಳ್ಳೆಯ ಸ್ಥಿತಿಯಲ್ಲಿರುವ ಬೋಟಿನ ಬ್ಯಾಟರಿಗೆ ಅದು ಹೊರೆಯಲ್ಲ.

ಮೂರನೆಯದು ಕೇಬಲ್. ಸೆಟ್ಟಿನಿಂದ ಆಂಟೆನಾಕ್ಕೆ ಹೋಗುವ ಕೇಬಲ್ಲಿನಲ್ಲಿ ಶಕ್ತಿ ಸೋರುತ್ತದೆ. ಆರ್‌ಜಿ-58 ಎಂಬ ತೆಳುವಾದ ಕೇಬಲ್ 10 ಮೀಟರ್ ಉದ್ದ ಹಾಕಿದರೆ, ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಶಕ್ತಿ ದಾರಿಯಲ್ಲೇ ಶಾಖವಾಗಿ ಹೋಗುತ್ತದೆ. ದಪ್ಪನೆಯ ಆರ್‌ಜಿ-213 ಹಾಕಿದರೆ ನಷ್ಟ ಸುಮಾರು ಐದರಲ್ಲಿ ಒಂದು ಪಾಲು. ಕೇಬಲನ್ನು ಬಿಗಿಯಾಗಿ ಮಡಚಬೇಡಿ, ಬಾಗಿಲಿನ ಸಂದಿಯಲ್ಲಿ ಜಜ್ಜಬೇಡಿ, ನಡುವೆ ತುಂಡುಮಾಡಿ ಗಂಟು ಹಾಕಬೇಡಿ. ಎಲ್ಲಕ್ಕಿಂತ ದೊಡ್ಡ ಶತ್ರು ಉಪ್ಪುನೀರು. ಅದು ಕನೆಕ್ಟರಿನ ಮೂಲಕ ಒಳಗಿಳಿದು ತಾಮ್ರದ ಹೆಣಿಗೆಯನ್ನು ಹಸಿರು ಪುಡಿಯಾಗಿಸುತ್ತದೆ. ಹೊರಗಿನ ಪ್ರತಿ ಜೋಡಣೆಗೂ, ತನಗೆ ತಾನೇ ಅಂಟಿಕೊಂಡು ಒಂದಾಗುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ. ಮನೆಯ ಹಂಚು ಹೊದೆಸಿದ ಹಾಗೆ ಮೇಲಿನ ಸುತ್ತು ಕೆಳಗಿನದನ್ನು ಮುಚ್ಚಿರಬೇಕು, ನೀರು ಜಾರಿಹೋಗಬೇಕು.

ನಾಲ್ಕನೆಯದು ಆಂಟೆನಾ. ಈ ಅಲೆಯ ಉದ್ದ 2 ಮೀಟರಿಗೆ ಸ್ವಲ್ಪ ಕಡಿಮೆ. ಅದರ ಅರ್ಧ, ಅಂದರೆ ಸುಮಾರು 1 ಮೀಟರಿನ ಕೋಲು ಸಾಕು. ಅದನ್ನು ಆದಷ್ಟು ಎತ್ತರದಲ್ಲಿ, ನೆಟ್ಟಗೆ, ಕಬ್ಬಿಣದ ಕಂಬ ಮತ್ತು ಹಗ್ಗದ ತಂತಿಗಳಿಂದ ಸಾಧ್ಯವಾದಷ್ಟು ದೂರದಲ್ಲಿ ನಿಲ್ಲಿಸಿ. ಅಂಗಡಿಯಲ್ಲಿ 3 ಡೆಸಿಬೆಲ್, 6 ಡೆಸಿಬೆಲ್ ಎಂದು ಕೇಳುತ್ತಾರೆ. ದೊಡ್ಡ ಸಂಖ್ಯೆ ಕಂಡು ಮರುಳಾಗಬೇಡಿ. 6 ಡೆಸಿಬೆಲಿನ ಉದ್ದದ ಆಂಟೆನಾ ಶಕ್ತಿಯನ್ನು ತೆಳ್ಳಗಿನ ತಟ್ಟೆಯಂತೆ ಹರಡುತ್ತದೆ. ಸಣ್ಣ ಬೋಟು ಅಲೆಗೆ ಓಲಾಡಿದಾಗ ಆ ತಟ್ಟೆ ಒಮ್ಮೆ ಆಕಾಶಕ್ಕೆ, ಒಮ್ಮೆ ನೀರಿಗೆ ವಾಲುತ್ತದೆ, ಮಾತು ಬಿಟ್ಟುಬಿಟ್ಟು ಕೇಳಿಸುತ್ತದೆ. ಓಲಾಡುವ ಬೋಟಿಗೆ 3 ಡೆಸಿಬೆಲಿನದೇ ವಾಸಿ.

ಜೋಡಿಸಿದ ಮೇಲೆ ಎಸ್.ಡಬ್ಲ್ಯು.ಆರ್. ಮೀಟರಿನಿಂದ ಪರೀಕ್ಷೆ ಮಾಡಿಸಿ. ಆಂಟೆನಾ ಶಕ್ತಿಯನ್ನು ಎಷ್ಟು ಸ್ವೀಕರಿಸುತ್ತಿದೆ, ಎಷ್ಟು ಹಿಂದಕ್ಕೆ ತಳ್ಳುತ್ತಿದೆ ಎಂಬುದನ್ನು ಅದು ತೋರಿಸುತ್ತದೆ. 1.5ಕ್ಕಿಂತ ಕಡಿಮೆ ಇದ್ದರೆ ಚೆನ್ನ. 3 ಬಂತೆಂದರೆ ಕಾಲುಭಾಗ ಶಕ್ತಿ ಹಿಂದಕ್ಕೆ ಬರುತ್ತಿದೆ, ಎಲ್ಲೋ ಜೋಡಣೆ ಕೆಟ್ಟಿದೆ ಎಂದು ಅರ್ಥ. ಆಂಟೆನಾ ಜೋಡಿಸದೆ ಮಾತಿನ ಗುಂಡಿಯನ್ನು ಒತ್ತಲೇಬಾರದು. ಹೊರಹೋಗಲು ದಾರಿಯಿಲ್ಲದ ಶಕ್ತಿ ಹಿಂದೆ ಬಂದು ಸೆಟ್ಟಿನ ಟ್ರಾನ್ಸಿಸ್ಟರನ್ನು ಸುಡಬಹುದು.

ಈಗ ಬಳಕೆ. ಸೆಟ್ ಹಾಕಿದೊಡನೆ ಸುಯ್ ಎಂಬ ಸದ್ದು ಬರುತ್ತದೆ. ಅದನ್ನು ಅಡಗಿಸಲು ಸ್ಕ್ವೆಲ್ಚ್ ಎಂಬ ತಿರುಗಣೆ ಇದೆ. ಸದ್ದು ಕೇಳುವವರೆಗೆ ಹಿಂದಕ್ಕೆ ತಿರುಗಿಸಿ, ಆಮೇಲೆ ನಿಧಾನವಾಗಿ ಮುಂದಕ್ಕೆ ತಂದು ಸದ್ದು ನಿಂತ ಕೂಡಲೇ ಬಿಟ್ಟುಬಿಡಿ. ಕಿವಿಗೆ ಹಾಯೆನಿಸಲೆಂದು ಪೂರ್ತಿ ತಿರುಗಿಸಿಟ್ಟರೆ, ದೂರದಿಂದ ಬರುವ ಕ್ಷೀಣ ದನಿಯೂ ಅಡಗಿಹೋಗುತ್ತದೆ. ಆಪತ್ತಿನ ಕೂಗು ಸಾಮಾನ್ಯವಾಗಿ ಕ್ಷೀಣವಾಗಿಯೇ ಇರುತ್ತದೆ.

ಮಾತಾಡುವ ಮೊದಲು ಒಂದಿಷ್ಟು ಹೊತ್ತು ಕೇಳಿ. ಬೇರೆಯವರ ಮಾತು ನಡೆದಿದ್ದರೆ ಕಾಯಿರಿ. ಮೈಕನ್ನು ಬಾಯಿಯಿಂದ ಮೂರು ನಾಲ್ಕು ಬೆರಳು ದೂರ ಹಿಡಿದು, ಗಾಳಿಗೆ ಬೆನ್ನು ಮಾಡಿ, ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತಾಡಿ. ಕಿರಿಚಬೇಡಿ. ಕಿರಿಚಿದರೆ ದೂರ ಹೋಗುವುದಿಲ್ಲ, ದನಿ ಒಡೆಯುತ್ತದೆ ಅಷ್ಟೆ. ಮೊದಲು ಕರೆಯಬೇಕಾದವರ ಹೆಸರು, ಆಮೇಲೆ ನಿಮ್ಮ ಬೋಟಿನ ಹೆಸರು. ಮಾತು ಮುಗಿಸಿ ಉತ್ತರ ಬೇಕೆನಿಸಿದರೆ 'ಓವರ್', ಮಾತುಕತೆಯೇ ಮುಗಿದರೆ 'ಔಟ್'. ಸಿನಿಮಾದಲ್ಲಿ 'ಓವರ್ ಅಂಡ್ ಔಟ್' ಎನ್ನುತ್ತಾರೆ. 'ಉತ್ತರ ಕೊಡು, ನಾನು ಹೋದೆ' ಎಂದಂತಾಯಿತು ಅದು.

16ರಲ್ಲಿ ಕರೆಯಬಹುದು, ಹರಟೆ ಹೊಡೆಯಬಾರದು. ಎದುರಿನವರು ಓಗೊಟ್ಟ ಕೂಡಲೇ 6, 8, 72, 77ರಂತಹ ಬೋಟಿನಿಂದ ಬೋಟಿಗೆ ಮಾತಾಡುವ ಚಾನೆಲಿಗೆ ಹೋಗಿ. ಮೀನಿನ ದರ, ಬಲೆಯ ಸಂಗತಿ, ಮನೆಯ ಸಮಾಚಾರ ಎಲ್ಲ ಅಲ್ಲಿ. 70ನೆಯದರಲ್ಲಿ ಮಾತಾಡಲೇಬಾರದು, ಅದು ಯಂತ್ರಗಳ ಸಂಕೇತಕ್ಕೆ ಮೀಸಲು. ಹತ್ತಿರದ ಬೋಟಿನೊಡನೆ ಮಾತಾಡುವಾಗ 1 ವ್ಯಾಟಿಗೆ ಇಳಿಸಿ. ಇನ್ನೊಂದು ಮಾತು: ಮೈಕನ್ನು ಬಲೆಯ ರಾಶಿಯ ಮೇಲೋ ಮಲಗುವ ಹಲಗೆಯ ಮೇಲೋ ಎಸೆಯಬೇಡಿ. ಗುಂಡಿ ಅಮುಕಿಕೊಂಡು ಉಳಿದರೆ ನಿಮ್ಮ ಎಂಜಿನಿನ ಸದ್ದು ಸುತ್ತಲಿನ ಎಲ್ಲರ 16ನ್ನೂ ಮುಚ್ಚಿಬಿಡುತ್ತದೆ. ಆ ಹೊತ್ತಿಗೆ ಯಾರಾದರೂ ಮುಳುಗುತ್ತಿದ್ದರೆ ಅವರ ಕೂಗು ಯಾರಿಗೂ ಕೇಳಿಸದು.

ಇನ್ನು ಭಾಷೆಯ ವಿಷಯ. ನಮ್ಮ ಕರೆಯ ಬೋಟುಗಳಲ್ಲಿ ತುಳು, ಕನ್ನಡ, ಮಲೆಯಾಳ ಮೂರೂ ನಡೆಯುತ್ತವೆ. ಒಡಿಶಾ, ಬಂಗಾಳದಿಂದ ಬಂದ ಕೆಲಸಗಾರರೂ ಇದ್ದಾರೆ. ನಮ್ಮೊಳಗೆ ಮಾತಾಡಲು ನಮ್ಮ ಭಾಷೆಯೇ ಸರಿ. ಆದರೆ ಕೋಸ್ಟ್ ಗಾರ್ಡಿನ ಹಡಗಿನಲ್ಲಿ ಕಿವಿಗೊಟ್ಟು ಕುಳಿತವರು ಪಂಜಾಬಿನವರೋ ಅಸ್ಸಾಮಿನವರೋ ಇರಬಹುದು. ಪಕ್ಕದಲ್ಲಿ ಹಾದುಹೋಗುವ ಸರಕು ಹಡಗಿನವರು ಬೇರೆ ದೇಶದವರೇ ಇರಬಹುದು. ಆದ್ದರಿಂದ ಆಪತ್ತಿನ ನಾಲ್ಕಾರು ಮಾತುಗಳನ್ನೂ, ಅಂಕೆಗಳನ್ನೂ ಇಂಗ್ಲಿಷಿನಲ್ಲಿ ಹೇಳಲು ಎಲ್ಲರೂ ಕಲಿತಿರಬೇಕು. ಇದು ಭಾಷಾಭಿಮಾನದ ಪ್ರಶ್ನೆಯಲ್ಲ.

ಅಂಕೆಗಳಲ್ಲಿ ಇನ್ನೊಂದು ತೊಡಕಿದೆ. ಒಂಬತ್ತು, ಎಂಬತ್ತು, ತೊಂಬತ್ತು, ಈ ಮೂರನ್ನು ಗಾಳಿ ಮತ್ತು ಎಂಜಿನಿನ ಸದ್ದಿನ ನಡುವೆ ಕೇಳಿ ನೋಡಿ. ಕಿವಿಗೆ ಉಳಿಯುವುದು 'ಅಂಬತ್ತು' ಮಾತ್ರ. ಆದ್ದರಿಂದ ಸಂಖ್ಯೆಯನ್ನು ಒಟ್ಟಾಗಿ ಹೇಳದೆ ಬಿಡಿಬಿಡಿಯಾಗಿ ಹೇಳುವುದು ವಯರ್‌ಲೆಸ್ಸಿನ ಕ್ರಮ. ಎಂಬತ್ತೈದನ್ನು 'ಎಯ್ಟ್ ಫೈವ್' ಎನ್ನಬೇಕು. ಇರುವ ಸ್ಥಳವನ್ನು ಜಿ.ಪಿ.ಎಸ್. ನೋಡಿ ಹೇಳುವಾಗಲೂ ಜೋಕೆ. ಬೋಟಿನ ಜಿ.ಪಿ.ಎಸ್. ಸಾಮಾನ್ಯವಾಗಿ ಡಿಗ್ರಿ ಮತ್ತು ಮಿನಿಟಿನಲ್ಲಿ ತೋರಿಸುತ್ತದೆ, ಫೋನು ಹಲವು ಸಲ ದಶಾಂಶದಲ್ಲಿ ತೋರಿಸುತ್ತದೆ. 12 ಡಿಗ್ರಿ 35 ಮಿನಿಟ್ ಒಂದು ಜಾಗ. 12.35 ಡಿಗ್ರಿ ಬೇರೊಂದು ಜಾಗ, ಅದು 12 ಡಿಗ್ರಿ 21 ಮಿನಿಟಿಗೆ ಸಮ. ಎರಡರ ನಡುವೆ 14 ಮಿನಿಟ್, ಅಂದರೆ 14 ನಾಟಿಕಲ್ ಮೈಲು, ಸುಮಾರು 26 ಕಿಲೋಮೀಟರ್. ಒಂದು ಚುಕ್ಕಿಯ ತಪ್ಪಿಗೆ ಹುಡುಕುವ ಹಡಗು 26 ಕಿಲೋಮೀಟರ್ ಆಚೆ ಹೋದೀತು.

ಈಗ ಮುಖ್ಯವಾದ ಮಾತು. ಬೋಟು ಮುಳುಗುತ್ತಿದೆ, ಬೆಂಕಿ ಹತ್ತಿದೆ, ಜೀವಕ್ಕೆ ಕುತ್ತು ಬಂದಿದೆ ಎಂದಾಗ ಹೇಳುವ ಪದ 'ಮೇಡೇ'. 'ನನಗೆ ಸಹಾಯಮಾಡಿ' ಎಂಬ ಫ್ರೆಂಚ್ ಮಾತಿನ ದನಿಯಿಂದ 1920ರ ದಶಕದಲ್ಲಿ ಇದು ರೂಢಿಗೆ ಬಂತು. 16ನೆಯ ಚಾನೆಲ್, 25 ವ್ಯಾಟ್ ಎರಡನ್ನೂ ನೋಡಿಕೊಂಡು ಗುಂಡಿ ಒತ್ತಿ. ನಿಮ್ಮ ಬೋಟಿನ ಹೆಸರು 'ಜಲರಾಣಿ' ಎಂದಿಟ್ಟುಕೊಳ್ಳೋಣ. ಆಗ ಹೀಗೆ ಹೇಳಬೇಕು:

'ಮೇಡೇ, ಮೇಡೇ, ಮೇಡೇ. ದಿಸ್ ಈಸ್ ಜಲರಾಣಿ, ಜಲರಾಣಿ, ಜಲರಾಣಿ. ಮೇಡೇ ಜಲರಾಣಿ. ಪೊಸಿಷನ್ ವನ್ ಟೂ ಡಿಗ್ರಿ ತ್ರೀ ಫೈವ್ ಮಿನಿಟ್ಸ್ ನಾರ್ತ್, ಝೀರೊ ಸೆವೆನ್ ಫೋರ್ ಡಿಗ್ರಿ ತ್ರೀ ಝೀರೊ ಮಿನಿಟ್ಸ್ ಈಸ್ಟ್. ವಾಟರ್ ಇನ್ ಎಂಜಿನ್ ರೂಮ್, ಸಿಂಕಿಂಗ್. ನೀಡ್ ಹೆಲ್ಪ್. ಸೆವೆನ್ ಪರ್ಸನ್ಸ್ ಆನ್ ಬೋರ್ಡ್. ಓವರ್.'

ಯಾರು, ಎಲ್ಲಿ, ಏನಾಗಿದೆ, ಏನು ಬೇಕು, ಎಷ್ಟು ಮಂದಿ. ಕ್ರಮ ಇಷ್ಟೇ. 'ಎಲ್ಲಿ' ಎಂಬುದು ಬೇಗ ಬರಬೇಕು. ಮಾತು ನಡುವೆ ತುಂಡಾದರೂ ಹುಡುಕುವವರಿಗೆ ಜಾಗ ತಿಳಿದಿರುತ್ತದೆ. ಇದನ್ನು ಕನ್ನಡದ ಅಕ್ಷರದಲ್ಲಿ ದೊಡ್ಡದಾಗಿ ಬರೆದು, ಪ್ಲಾಸ್ಟಿಕ್ ಹೊದೆಸಿ, ಸೆಟ್ಟಿನ ಪಕ್ಕದಲ್ಲಿ ಅಂಟಿಸಿ. ಬೇರೆ ಭಾಷೆಯ ಕೆಲಸಗಾರರಿದ್ದರೆ ಅವರ ಅಕ್ಷರದಲ್ಲೂ ಬರೆಸಿ. ತಂಡೇಲರೇ ನೀರಿಗೆ ಬಿದ್ದಿದ್ದರೆ ಮೈಕ್ ಹಿಡಿಯಬೇಕಾದವನು ಮೊನ್ನೆಯಷ್ಟೇ ಕೆಲಸಕ್ಕೆ ಸೇರಿದ ಹುಡುಗನೇ ಆಗಿರಬಹುದು. ಜೀವಕ್ಕೆ ಕೂಡಲೇ ಕುತ್ತಿಲ್ಲ, ಎಂಜಿನ್ ನಿಂತಿದೆ, ಒಬ್ಬರಿಗೆ ಪೆಟ್ಟಾಗಿದೆ ಎಂದಾದರೆ 'ಪ್ಯಾನ್ ಪ್ಯಾನ್' ಎಂದು ಮೂರು ಸಲ ಹೇಳಿ ಸಂಗತಿ ತಿಳಿಸಬೇಕು.

ಹೊಸ ಸೆಟ್ಟುಗಳಲ್ಲಿ ಮುಚ್ಚಳದ ಕೆಳಗೆ ಒಂದು ಕೆಂಪು ಗುಂಡಿ ಇರುತ್ತದೆ. ಅದನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ 70ನೆಯ ಚಾನೆಲಿನ ಮೂಲಕ ಸುತ್ತಲಿನ ಸೆಟ್ಟುಗಳಲ್ಲಿ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಅದು ಕೆಲಸಮಾಡಲು ಎರಡು ಸಂಗತಿ ಬೇಕು. ನಿಮ್ಮ ಬೋಟಿಗೆ ಕೊಟ್ಟ 9 ಅಂಕೆಯ ಗುರುತಿನ ಸಂಖ್ಯೆಯನ್ನು ಸೆಟ್ಟಿಗೆ ತುಂಬಿಸಿರಬೇಕು, ಭಾರತದ ಹಡಗುಗಳಿಗೆ ಅದು 419ರಿಂದ ಮೊದಲಾಗುತ್ತದೆ. ಮತ್ತು ಸೆಟ್ಟಿಗೆ ಜಿ.ಪಿ.ಎಸ್. ಜೋಡಣೆ ಇರಬೇಕು. ಇಲ್ಲವಾದರೆ ಗಂಟೆ ಬಾರಿಸಿದರೂ ಎಲ್ಲಿಂದ ಎಂಬುದು ತಿಳಿಯದು. ಆಕಸ್ಮಿಕವಾಗಿ ಒತ್ತಿಬಿಟ್ಟರೆ ಹೆದರಿ ಸೆಟ್ ಆರಿಸಬೇಡಿ. 16ರಲ್ಲಿ ಬಂದು 'ತಪ್ಪಾಗಿ ಒತ್ತಿದ್ದು' ಎಂದು ಹೇಳಿ. ಇಲ್ಲದಿದ್ದರೆ ನಿಮ್ಮನ್ನು ಹುಡುಕಲು ಹೊರಟ ಹಡಗು ನಿಜವಾಗಿ ಮುಳುಗುವವರಿಗೆ ಸಿಗಲಾರದು.

ನೀವೇ ಬೇರೆಯವರ 'ಮೇಡೇ' ಕೇಳಿದರೆ? ಮೊದಲು ಸುಮ್ಮನಿರಿ. ಬಾಯಿಗಿಂತ ಪೆನ್ನಿಗೆ ಕೆಲಸ ಕೊಡಿ, ಸ್ಥಳವನ್ನು ಬರೆದುಕೊಳ್ಳಿ. ಕರೆಯಿಂದ ಉತ್ತರ ಬರಲಿಲ್ಲವಾದರೆ ನೀವೇ ಓಗೊಡಿ, ಆಮೇಲೆ 'ಮೇಡೇ ರಿಲೇ' ಎಂದು ಮೂರು ಸಲ ಹೇಳಿ ಆ ಸುದ್ದಿಯನ್ನು ದಾಟಿಸಿ. ಆಗ ಹೇಳಿದ ಲೆಕ್ಕವನ್ನು ನೆನಪಿಸಿಕೊಳ್ಳಿ. ಮೇಲಿನ ಉದಾಹರಣೆಯಲ್ಲಿ ಕೊಟ್ಟ ಸ್ಥಳ ಕುಂಬಳೆಯ ಪಡುವಣಕ್ಕೆ ಸುಮಾರು 48 ಕಿಲೋಮೀಟರ್. ಅಲ್ಲಿಂದ 33 ಕಿಲೋಮೀಟರ್ ಮಾತ್ರ ಮುಟ್ಟುವ ಕರೆಯ ಆಂಟೆನಾಕ್ಕೆ ದನಿ ಕೇಳಿಸುವುದಿಲ್ಲ. ಆದರೆ ಅವರಿಗಿಂತ 16 ಕಿಲೋಮೀಟರ್ ಈಚೆಗೆ, ಕರೆಯಿಂದ 32 ಕಿಲೋಮೀಟರಿನಲ್ಲಿ ನೀವಿದ್ದರೆ, ನಿಮಗೆ ಅವರೂ ಕೇಳಿಸುತ್ತಾರೆ, ಕರೆಗೆ ನೀವೂ ಕೇಳಿಸುತ್ತೀರಿ. ಅವರ ಮತ್ತು ಕರೆಯ ನಡುವೆ ಇರುವ ಒಂದೇ ಸೇತುವೆ ನೀವು. ಆ ಹೊತ್ತಿಗೆ ನಿಮ್ಮ ಸೆಟ್ ಆರಿಸಿದ್ದರೆ ಸೇತುವೆ ಇಲ್ಲ.

1912ರ ಏಪ್ರಿಲಿನಲ್ಲಿ ಟೈಟಾನಿಕ್ ಮುಳುಗಿದಾಗ ಹತ್ತಿರದಲ್ಲಿದ್ದ ಕ್ಯಾಲಿಫೋರ್ನಿಯನ್ ಎಂಬ ಹಡಗಿನಲ್ಲೂ ವಯರ್‌ಲೆಸ್ ಇತ್ತು. ಅದನ್ನು ನೋಡಿಕೊಳ್ಳುವ ಒಬ್ಬನೇ ನೌಕರ ದಿನದ ಕೆಲಸ ಮುಗಿಸಿ ಮಲಗಿದ್ದ. ಇನ್ನೂ ದೂರದಲ್ಲಿದ್ದ ಕಾರ್ಪೇಥಿಯ ಹಡಗಿನಲ್ಲಿ ಕಿವಿ ತೆರೆದಿತ್ತು. ಅದು ಧಾವಿಸಿ ಬಂದು 700ಕ್ಕೂ ಹೆಚ್ಚು ಜನರನ್ನು ಎತ್ತಿಕೊಂಡಿತು. ಹಡಗುಗಳು ಹಗಲೂ ರಾತ್ರಿ ಕಿವಿಗೊಟ್ಟಿರಬೇಕೆಂಬ ನಿಯಮ ಬಂದುದು ಆ ದುರಂತದ ಮೇಲೆ.

ವಯರ್‌ಲೆಸ್ ಒಂದೇ ಸಾಲದು ಎಂಬುದನ್ನೂ ಹೇಳಿಬಿಡುತ್ತೇನೆ. ಬಹಳ ದೂರ ಹೋಗುವವರು ಇಸ್ರೋ ರೂಪಿಸಿದ ಡ್ಯಾಟ್ ಎಂಬ ಆಪತ್ತಿನ ಉಪಕರಣವನ್ನೂ ಇಟ್ಟುಕೊಳ್ಳಬೇಕು. ಅದು ಉಪಗ್ರಹದ ಮೂಲಕ ಸುದ್ದಿ ಮುಟ್ಟಿಸುತ್ತದೆ, ದಿಗಂತದ ಮಿತಿ ಅದಕ್ಕಿಲ್ಲ. ಆದರೆ ಪಕ್ಕದ ಬೋಟಿನವರೊಡನೆ 'ಹಗ್ಗ ಎಸೆಯಿರಿ, ಎಡಗಡೆಯಿಂದ ಬನ್ನಿ' ಎಂದು ಮಾತಾಡಲು ವಯರ್‌ಲೆಸ್ಸೇ ಬೇಕು.

ಕರೆಯಲ್ಲಿರುವ ತಾಯಂದಿರೇ, ಅಕ್ಕತಂಗಿಯರೇ, ನಿಮಗೂ ಒಂದು ಕೆಲಸವಿದೆ. ಬೋಟಿನ ಹೆಸರು, ನೋಂದಣಿ ಸಂಖ್ಯೆ, 9 ಅಂಕೆಯ ಗುರುತಿನ ಸಂಖ್ಯೆ, ಈ ಸಲ ಹೋದವರು ಎಷ್ಟು ಮಂದಿ, ಯಾವ ಕಡೆಗೆ ಹೋದರು, ಯಾವ ದಿನ ಮರಳುತ್ತೇವೆಂದರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆಸಿ ಮನೆಯ ಗೋಡೆಗೆ ಅಂಟಿಸಿ. ಹೇಳಿದ ಹೊತ್ತು ಮೀರಿದರೆ, 'ಇಂದು ಬಂದಾರು, ನಾಳೆ ಬಂದಾರು' ಎಂದು ಕಾಯಬೇಡಿ. ಕೋಸ್ಟ್ ಗಾರ್ಡಿನ 1554 ಸಂಖ್ಯೆಗೆ ಫೋನ್ ಮಾಡಿ, ಚೀಟಿ ನೋಡಿ ಓದಿ ಹೇಳಿ. ಗಾಬರಿಯಲ್ಲಿ ನೆನಪು ಕೈಕೊಡುತ್ತದೆ, ಚೀಟಿ ಕೈಕೊಡುವುದಿಲ್ಲ.

ಮುಂದಿನ ಸಲ ಕಡಲಿಗೆ ಇಳಿಯುವ ಮೊದಲು, ಬಂದರಿನಲ್ಲೇ ಪಕ್ಕದ ಬೋಟಿನವರನ್ನು ಒಂದು ಚಾನೆಲಿಗೆ ಕರೆದು 'ಕೇಳಿಸುತ್ತದೆಯೇ?' ಎಂದು ವಿಚಾರಿಸಿ ನೋಡಿ. 'ಕೇಳಿಸುತ್ತದೆ' ಎಂಬ ಉತ್ತರ ಬಂದ ಮೇಲೆಯೇ ಹಗ್ಗ ಬಿಚ್ಚಿ. ಅರ್ಧ ನಿಮಿಷದ ಕೆಲಸ ಅದು.